ಆರಂಕಿಯ ಸಂಖ್ಯೆಯ ಗುಣ ಹುಡುಕಿಸಿದವರು ಯಾರಾದರೂ ಇದ್ದೀರಾ?

ಮಗಳು ಕಾಸರಗೋಡಲ್ಲಿ ಏಳನೇ ಕ್ಲಾಸು, ಕನ್ನಡ ಮಾಧ್ಯಮ. ದೊಡ್ಡ ಸಂಖ್ಯೆಯೊಂದನ್ನು ಆರಿಸಿ ಅದರ ಗುಣಗಳನ್ನೆಲ್ಲ ಬರೆದು ತರಬೇಕಂತೆ. ಅವಳು ಊರಿನ ಪಿನ್‌ಕೋಡ್ 671121 ಹಿಡಿದಿದ್ದಾಳೆ. ಮೊಬೈಲ್, ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. ಎಲ್ಲಿಂದ ಶುರು ಮಾಡಿಸಲಿ?

ಉತ್ತರ: ಟ್ಯೂಷನ್ ಮಕ್ಕಳ ಹತ್ತಿರ ನಾನು ಇಂಥದ್ದು ಮಾಡಿಸುವುದುಂಟು. ಮೊದಲು ಅಂಕಿಗಳನ್ನು ಕೂಡಿಸಲಿ. ಮೊತ್ತ 18, ಹಾಗಾಗಿ 9ರಿಂದ ಭಾಗ ಹೋಗುತ್ತದೆ, 74569 ಸಿಗುತ್ತದೆ. ಅದರಲ್ಲಿ ಒಂದು ಬಿಟ್ಟು ಒಂದು ಅಂಕಿ ಕೂಡಿಸಿದರೆ 7+5+9 ಅಂದರೆ 21, ಉಳಿದದ್ದು 4+6 ಅಂದರೆ 10, ವ್ಯತ್ಯಾಸ 11, ಅಲ್ಲಿಗೆ 11ರಿಂದಲೂ ಹೋಯಿತು. ಉಳಿಯುವುದು 6779. ಮಕ್ಕಳು ಪೆನ್ನು ಕೆಳಗಿಡುವುದು ಇಲ್ಲೇ. ಇದು ಅವಿಭಾಜ್ಯವೋ ಅಲ್ಲವೋ ಎಂದು ನೋಡಲು ವರ್ಗಮೂಲದ ತನಕ ಹೋದರೆ ಸಾಕು, ಯಾಕೆಂದರೆ ಎರಡು ಸಂಖ್ಯೆಗಳನ್ನು ಗುಣಿಸಿ 6779 ಬರಬೇಕಾದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡದಿರಲು ಆಗುವುದಿಲ್ಲ ಅಲ್ವಾ? 82ರ ವರ್ಗ 6724, 83ರದ್ದು 6889. ಹಾಗಾದರೆ 79ರ ತನಕದ ಅವಿಭಾಜ್ಯಗಳಿಂದ ಭಾಗಿಸಿ ನೋಡಲಿ. ಯಾವುದರಿಂದಲೂ ಹೋಗುವುದಿಲ್ಲ. ಒಟ್ಟು 671121 = 3×3×11×6779. ಸಣ್ಣ ಅಪವರ್ತನ ಸಿಕ್ಕಿದ ಕೂಡಲೇ ತೆಗೆದುಹಾಕಬೇಕು. ಇಡೀ ಸಂಖ್ಯೆಯನ್ನೇ ಹಿಡಿದು ಕೂತರೆ 819ರ ತನಕ ಹೋಗಬೇಕಾಗುತ್ತದೆ, ಏಳನೇ ಕ್ಲಾಸಿನ ಮಕ್ಕಳಿಗೆ ಅದು ಶಿಕ್ಷೆಯೇ.

ಇನ್ನೊಬ್ಬರು: ಇಷ್ಟಾದರೆ ಉಳಿದದ್ದು ಸಲೀಸು. 3 ಎರಡು ಸಲ, 11 ಒಂದು ಸಲ, 6779 ಒಂದು ಸಲ. ಒಂದೊಂದಕ್ಕೂ 1 ಸೇರಿಸಿ ಗುಣಿಸಿದರೆ 3×2×2, ಅಂದರೆ 12 ಅಪವರ್ತನಗಳು. ಸಂಖ್ಯೆಯನ್ನೇ ಬಿಟ್ಟು ಬಾಕಿ 11 ಅಪವರ್ತನಗಳನ್ನು ಕೂಡಿಸಿದರೆ 386559. ಸಂಖ್ಯೆಗಿಂತ ಕಡಿಮೆ, ಹಾಗಾಗಿ ಪರಿಪೂರ್ಣ ಸಂಖ್ಯೆ ಅಲ್ಲ, ಅದಕ್ಕೆ ಈ ಮೊತ್ತ ಸಂಖ್ಯೆಗೆ ಸರಿಸಮ ಬರಬೇಕು. ದೇವಳಾಲಿಯ ಶಾಲಾ ಮಾಸ್ಟ್ರು ಡಿ. ಆರ್. ಕಪ್ರೇಕರ್ ಹೇಳಿದ ಹರ್ಷದ್ ಸಂಖ್ಯೆಯೂ ಅಲ್ಲ. ಅದಕ್ಕೆ ಅಂಕಿಗಳ ಮೊತ್ತದಿಂದ ಸಂಖ್ಯೆ ಭಾಗ ಹೋಗಬೇಕು, ಇಲ್ಲಿ ಮೊತ್ತ 18, ಸಂಖ್ಯೆ ಬೆಸ.

ಮತ್ತೊಬ್ಬರು: ಹರ್ಷದ್ ಎಲ್ಲ ಸುಮ್ನೆ ಚಂದಕ್ಕೆ ಮಾರಾಯ್ರೆ. ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದ ಗುಣ ಅದು. ಅಪವರ್ತನ ಹಾಗಲ್ಲ, ಹೇಗೆ ಬರೆದರೂ ಬದಲಾಗದು. ಹುಡುಗಿ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಲಿ. ಜಾಗ ಇದ್ದರೆ ಇದನ್ನೂ ಸೇರಿಸಿ: 671121ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗುವುದಿಲ್ಲ. 4ರಿಂದ ಭಾಗಿಸಿದರೆ ಶೇಷ 1, ಆಗಬಹುದು ಅನಿಸುತ್ತದೆ. ಆದರೆ 11ನ್ನು 4ರಿಂದ ಭಾಗಿಸಿದರೆ ಶೇಷ 3, ಅದೂ ಒಂದೇ ಸಲ ಬಂದಿದೆ. ಅಂಥದ್ದು ಬೆಸ ಸಲ ಬಂದರೆ ಕೆಲಸ ಕೆಟ್ಟಿತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅವಳ ಗೆಳತಿ ಕುಂಬಳೆಯ 671321 ತೆಗೆದುಕೊಂಡಿದ್ದಾಳೆ. ಅದಕ್ಕೂ ಇದೇ ದಾರಿ ನಡೆಯುತ್ತದಾ?

ಮೊದಲು ಉತ್ತರಿಸಿದವರು: ದಾರಿ ಅದೇ, ಬೆವರು ಜಾಸ್ತಿ. ಅಂಕಿಗಳ ಮೊತ್ತ 20, ಹಾಗಾಗಿ 3 ಇಲ್ಲ, 9 ಇಲ್ಲ. 11 ಕೂಡ ಇಲ್ಲ. ಸೀದಾ 7ರಿಂದ ಭಾಗಿಸಲಿ, 95903 ಬರುತ್ತದೆ. ಮುಂದಿನದು ಸಿಗುವುದು 29ರಲ್ಲಿ, ಉಳಿಯುವುದು 3307. ಅಲ್ಲಿಂದ 53ರ ತನಕ ನೋಡಿದರೆ ಮುಗಿಯಿತು, ಅದು ಅವಿಭಾಜ್ಯ. ಆದರೆ ಈ 29 ಮಾತ್ರ ಈಗಲೇ ಆ ಹುಡುಗಿಗೆ ಹೇಳಬೇಡಿ.