ಫಿಲಡೆಲ್ಫಿಯಾದ ಬೆಥೆಲ್ ಸ್ಮಶಾನ: ಹದಿಮೂರು ಗುಂಟೆಯಲ್ಲಿ ಐದು ಸಾವಿರ ಜನರೇ?

ಗುಂಟೆಲೆಕ್ಕ:
ಫಿಲಡೆಲ್ಫಿಯಾದ ಕ್ವೀನ್ ವಿಲೇಜ್ ಬಡಾವಣೆಯಲ್ಲಿ ವೆಕಾಕೋ ಅನ್ನೋ ಮಕ್ಕಳ ಆಟದ ಮೈದಾನ ಇದೆ. ಅದರ ಒಂದು ಭಾಗದ ಅಡಿಯಲ್ಲಿ ಮದರ್ ಬೆಥೆಲ್ ಅನ್ನೋ ಕಪ್ಪು ಜನರ ಚರ್ಚಿನ ಹಳೇ ಸ್ಮಶಾನವಿದೆ, 5000ಕ್ಕೂ ಹೆಚ್ಚು ಆಫ್ರಿಕನ್ ಅಮೆರಿಕನ್ನರನ್ನು ಅಲ್ಲಿ ಹೂಳಿದ್ದಾರೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಜಾಗ ನೋಡಿದರೆ ಎಕರೆಯ ಮೂರನೇ ಒಂದು ಭಾಗ. ನಮ್ಮ ಲೆಕ್ಕದಲ್ಲಿ ಹದಿಮೂರು ಚಿಲ್ಲರೆ ಗುಂಟೆ. ಇಷ್ಟರಲ್ಲಿ ಅಷ್ಟು ಜನ ಹೇಗೆ ಹಿಡಿದರು? ಮೇಲೆ ಒಂದು ಕಲ್ಲೂ ಉಳಿದಿಲ್ಲ ಅಂದಮೇಲೆ ಆ ಸಂಖ್ಯೆ ಎಲ್ಲಿಂದ ಬಂತು? ಚರ್ಚಿನ ಜಾಗವನ್ನು ನಗರದವರು ಕಿತ್ತುಕೊಂಡರೇ?

ಮಣ್ಣಿನಪದರ:
ಮೊದಲು ಗುಣಾಕಾರ ಮಾಡೋಣ. ಎಕರೆಯ ಮೂರನೇ ಒಂದು ಭಾಗ ಅಂದರೆ 14,520 ಚದರ ಅಡಿ. ದೊಡ್ಡವರ ಒಂದು ಕುಣಿಗೆ ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಪಕ್ಕದ ಕುಣಿ ಕುಸಿಯದ ಹಾಗೆ ಸ್ವಲ್ಪ ಅಂತರ. ಒಟ್ಟು 20 ಚದರ ಅಡಿ ಹಿಡಿಯಿರಿ. ದಾರಿ, ಬೇಲಿ ಏನೂ ಬಿಡದಿದ್ದರೂ ಒಂದು ಪದರದಲ್ಲಿ 726 ಕುಣಿ. ಎಲ್ಲರೂ ದೊಡ್ಡವರೇ ಆಗಿದ್ದರೆ ಏಳು ಪದರ ಬೇಕಾಗುತ್ತಿತ್ತು. ಆದರೆ ಆ ಕಾಲದ ಸಾವಿನಲ್ಲಿ ಮಕ್ಕಳ ಪಾಲು ತುಂಬಾ ದೊಡ್ಡದು. ಎರಡಡಿ ಮೂರಡಿ ಉದ್ದದ ಪೆಟ್ಟಿಗೆಗಳನ್ನು ದೊಡ್ಡವರ ಪೆಟ್ಟಿಗೆಯ ಮೇಲೆ, ಪಕ್ಕದ ಸಂದಿಯಲ್ಲಿ ಇಡುತ್ತಿದ್ದರು. ಹಾಗಾಗಿ ಪದರ ಏಳರವರೆಗೆ ಏರಬೇಕಾಗಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಹೂಳಿದ್ದು 1810ರಿಂದ 1864ರವರೆಗೆ, 54 ವರ್ಷ. ವರ್ಷಕ್ಕೆ ತೊಂಬತ್ತು ಚಿಲ್ಲರೆ, ವಾರಕ್ಕೆ ಎರಡಕ್ಕಿಂತ ಕಡಿಮೆ. 1850ರ ಹೊತ್ತಿಗೆ ಫಿಲಡೆಲ್ಫಿಯಾ ಮತ್ತು ಸುತ್ತಲಿನ ಪುರಗಳಲ್ಲಿ ಸುಮಾರು 20 ಸಾವಿರ ಕಪ್ಪು ಜನ ಇದ್ದರು. ಬಿಳಿಯರ ಚರ್ಚ್ ಅಂಗಳದಲ್ಲಿ ಇವರಿಗೆ ಜಾಗ ಸಿಗುತ್ತಿರಲಿಲ್ಲ. ಉಳಿದಿದ್ದು ಬಡವರ, ಅನಾಮಿಕರ ಸಾರ್ವಜನಿಕ ಸ್ಮಶಾನ. ಈಗಿನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನ ಹಿಂದೆ ಅಂಥದ್ದೇ ಜಾಗ. ಅದಕ್ಕೇ ಚರ್ಚಿನ ಸ್ಥಾಪಕ ರಿಚರ್ಡ್ ಅಲೆನ್ ಮತ್ತು ಟ್ರಸ್ಟಿಗಳು 1810ರಲ್ಲಿ ಈ ಜಮೀನು ಕೊಂಡರು. ಆಗ ಅದು ನಗರದ ಗಡಿಯಾಚೆ, ಸೌತ್‌ವಾರ್ಕ್‌ನಲ್ಲಿತ್ತು. ಸೌತ್‌ವಾರ್ಕ್ ನಗರಕ್ಕೆ ಸೇರಿದ್ದು 1854ರಲ್ಲಿ.

ಒಂದರ ಮೇಲೊಂದು ಹೂಳುವುದು ಅಂದರೆ ಅಡ್ಡಾದಿಡ್ಡಿ ಎಸೆಯುವುದಲ್ಲ. ಇದೇ ಊರಿನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನವನ್ನು 1983-84ರಲ್ಲಿ ಅಗೆದಾಗ (ರೈಲು ಸುರಂಗದ ಕೆಲಸದಿಂದ ಹೊರಬಂದದ್ದು) ಸುಮಾರು 140 ಸಮಾಧಿ ಸಿಕ್ಕವು. ಕೆಲವು ಪೆಟ್ಟಿಗೆಯ ಮುಚ್ಚಳದ ಮೇಲೆ ಒಂಟಿ ಶೂ, ಕೆಲವರ ತಲೆಯ ಹತ್ತಿರ ಒಂದು ನಾಣ್ಯ, ಒಬ್ಬಿಬ್ಬರ ಹೊಟ್ಟೆಯ ಮೇಲೆ ತಟ್ಟೆ. ಜಾಗ ಇಕ್ಕಟ್ಟು, ಸಂಸ್ಕಾರಕ್ಕೆ ಕೊರತೆ ಮಾಡಿರಲಿಲ್ಲ. ಆ ಅಸ್ಥಿಗಳನ್ನು ಅಧ್ಯಯನದ ನಂತರ 1987ರಲ್ಲಿ ಈಡನ್ ಸ್ಮಶಾನದಲ್ಲಿ ಮತ್ತೆ ಹೂತರು.

ಹಳೇಕಡತ:
ಸಂಖ್ಯೆ ಬಂದಿದ್ದು ಕಲ್ಲಿನಿಂದಲ್ಲ, ಕಾಗದದಿಂದ. ಫಿಲಡೆಲ್ಫಿಯಾದಲ್ಲಿ 1803ರಿಂದಲೇ ಪ್ರತಿ ಸ್ಮಶಾನದವರು ಆರೋಗ್ಯ ಮಂಡಳಿಗೆ ವಾರವಾರ ಪಟ್ಟಿ ಕೊಡಬೇಕಿತ್ತು: ಸತ್ತವರ ಹೆಸರು, ವಯಸ್ಸು, ರೋಗ, ನೋಡಿದ ವೈದ್ಯರು. ಕುಣಿ ತೋಡಿಸುವ ಚರ್ಚಿನ ನೌಕರನ ಸಹಿ ಕೆಳಗೆ. 1860ರ ಜುಲೈಯಿಂದ ನಗರದ ಮರಣ ನೋಂದಣಿ ಶುರುವಾಯಿತು. ಟೆರ್ರಿ ಬಕಲ್ಯೂ ಅನ್ನೋ ಇತಿಹಾಸಕಾರರು ಈ ಪಟ್ಟಿಗಳನ್ನೂ ಹಳೇ ಪತ್ರಿಕೆಗಳನ್ನೂ ಒಂದೊಂದಾಗಿ ಜಾಲಾಡಿ ಹೆಸರು ಕೂಡಿಸಿದರು. ಸುಮ್ಮನೆ ಅಂದಾಜಿಸಿದ ಅಂಕಿ ಅದಲ್ಲ.

ನೀವೇ ಹುಡುಕುವುದಾದರೆ ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ಜಾಲತಾಣದಲ್ಲಿ ಫಿಲಡೆಲ್ಫಿಯಾ ಮರಣ ದಾಖಲೆ, 1803-1915 ಸಂಗ್ರಹ ಉಚಿತವಾಗಿ ಇದೆ. ಹೆಸರು ಹಾಕಿ ಹುಡುಕಿದರೆ ಅರ್ಧ ಜನ ಸಿಗುವುದಿಲ್ಲ, ಇದನ್ನು ಮೊದಲೇ ತಿಳಿದಿರಿ. ಕಾರಣಗಳು: ಕಿವಿಗೆ ಬಿದ್ದಂತೆ ಬರೆದ ಕಾಗುಣಿತ. ಕೂಸುಗಳಿಗೆ ಸ್ವಂತ ಹೆಸರಿಲ್ಲ, ‘ಇಂಥವರ ಮಗು’ ಅಂತ ಮಾತ್ರ. ಹೆಂಡತಿ ಗಂಡನ ಹೆಸರಿನಡಿ. ಸ್ಮಶಾನದ ಹೆಸರು ಒಮ್ಮೆ ‘ಬೆಥೆಲ್’, ಇನ್ನೊಮ್ಮೆ ‘ಆಫ್ರಿಕನ್ ಬೆಥೆಲ್’. ಬೆಥೆಲ್ ಹೆಸರಿನ ಚರ್ಚ್‌ಗಳೋ ಊರಿಗೆ ಒಂದಲ್ಲ. ಬರೀ ಆ ಪದ ಕಂಡ ತಕ್ಷಣ ಲೆಕ್ಕಕ್ಕೆ ಸೇರಿಸಬೇಡಿ. ಸೂಚಿ ಬಿಟ್ಟು, ಆ ವಾರದ ಪಟ್ಟಿಯ ಸ್ಕ್ಯಾನ್ ಚಿತ್ರವನ್ನೇ ತೆರೆದು ಹಿಂದಿನ ಮುಂದಿನ ಹಾಳೆ ತಿರುವಿ. ಆಮೇಲೆ 1838ರಲ್ಲಿ ಗುಲಾಮಗಿರಿ ವಿರೋಧಿ ಸಂಘದವರು, 1847ರಲ್ಲಿ ಕ್ವೇಕರರು ಅನ್ನೋ ಕ್ರೈಸ್ತ ಪಂಥದವರು ಮನೆಮನೆಗೆ ಹೋಗಿ ಮಾಡಿದ ಕಪ್ಪು ಕುಟುಂಬಗಳ ಗಣತಿ ಜೊತೆ ತಾಳೆ ನೋಡಿ. ಅದರಲ್ಲಿ ಮನೆಯ ಯಜಮಾನರ ಕಸುಬು ಸಿಗುತ್ತದೆ. ಅಲ್ಲಿಗೆ ಪಟ್ಟಿಯ ಹೆಸರಿಗೆ ಒಂದು ಮನೆ, ಒಂದು ಬೀದಿ ಸಿಕ್ಕ ಹಾಗೆ.

ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿರೋದೇ: ಕಪ್ಪು ಜನರ ಸ್ಮಶಾನ ಅಂದಮೇಲೆ ನಗರಸಭೆ ನುಂಗಿದ್ದೇ ಇರುತ್ತೆ.

ಮಣ್ಣಿನಪದರ:
ಹಳೇಕಡತ ಅವರೇ, ಪಟ್ಟಿಯ ವಿಷಯ ಸರಿ. ಕೊನೇ ಸಾಲು ಈ ಜಾಗಕ್ಕೆ ಒಪ್ಪುವುದಿಲ್ಲ. ಬೆಥೆಲ್ ಜಾಗವನ್ನು ಚರ್ಚೇ 1889ರಲ್ಲಿ ನಗರಕ್ಕೆ 10,000 ಡಾಲರಿಗೆ ಮಾರಿತು. ಈಗ ಲೊಂಬಾರ್ಡ್ ಬೀದಿ ಮತ್ತು ಆರನೇ ಬೀದಿ ಸೇರುವಲ್ಲಿ ನಿಂತಿರುವ ಚರ್ಚ್ ಕಟ್ಟಡಕ್ಕೆ ಆಗ ಹಣ ಬೇಕಿತ್ತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1869ರಲ್ಲಿ, ಹತ್ತಿರದ ಸಕ್ಕರೆ ಕಾರ್ಖಾನೆ ಮಾಲೀಕರಿಗೆ ಗಾಡಿ ನಿಲ್ಲಿಸಲು ಗುತ್ತಿಗೆಗೆ ಕೊಟ್ಟಿದ್ದರು. ಗಾಡಿ ಚಕ್ರದಡಿ ಕಲ್ಲುಗಳ ಗತಿ ಏನಾಗಿರಬಹುದು, ನೀವೇ ಊಹಿಸಿ. ನಗರ ಅಲ್ಲಿ ಚೌಕ ಮಾಡಿತು, ಆಮೇಲೆ ಆಟದ ಮೈದಾನ. ಹೊಸದಾಗಿ ಹೂಳುವುದು ನಿಂತು, ನೋಡಿಕೊಳ್ಳುವ ಕುಟುಂಬಗಳು ಚದುರಿ, ವರಮಾನವಿಲ್ಲದೆ ಖರ್ಚು ಮಾತ್ರ ಉಳಿದಾಗ ಚರ್ಚ್ ಸ್ಮಶಾನಗಳು ಹೀಗೇ ಕೈಬಿಡುತ್ತವೆ. ಬೇರೆ ಎಷ್ಟೋ ಕಡೆ ಕಿತ್ತುಕೊಂಡಿದ್ದೂ ನಿಜ. ಆದರೆ ಇಲ್ಲಿ ಕ್ರಯಪತ್ರ ಇದೆ. ಹಣದ ಒತ್ತಡದಲ್ಲಿ ಮಾರಿದ್ದನ್ನು ‘ನುಂಗಿದರು’ ಅಂದುಬಿಟ್ಟರೆ ಆ ಒತ್ತಡ ಎಲ್ಲಿಂದ ಬಂತು ಅಂತ ಕೇಳುವುದೇ ತಪ್ಪಿಹೋಗುತ್ತದೆ.

ಹಳೇಕಡತ:
ಒಪ್ಪಿದೆ, ಅವಸರದಲ್ಲಿ ಬರೆದೆ. ಹೆಣ ಕದಿಯುವ ಕಥೆ ಜೊತೆಗೆ ಬೆರೆತುಹೋಯಿತು. 1882ರಲ್ಲಿ ವೈದ್ಯಕೀಯ ಕಾಲೇಜಿಗೆ ಹೆಣ ಸಾಗಿಸುವ ಗಾಡಿಯನ್ನು ಪತ್ರಿಕೆಯವರು ಹಿಡಿದುಹಾಕಿದ್ದು ಇದೇ ಊರಿನ ಲೆಬನಾನ್ ಸ್ಮಶಾನದ ಪ್ರಕರಣದಲ್ಲಿ. ಮರುವರ್ಷ ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಹೆಣ ಕೊಡುವ ಕಾನೂನು ಬದಲಾಯಿತು. ಅದು ಚರ್ಚಿನ ಜಾಗವಲ್ಲ, ಬೆಥೆಲ್‌ಗೆ ಸಂಬಂಧವಿಲ್ಲ.

ಗುಂಟೆಲೆಕ್ಕ:
ಇಬ್ಬರಿಗೂ ಧನ್ಯವಾದ. ಇನ್ನೊಂದು: ಅಗೆಯದೇ ರೇಡಾರ್ ಹಿಡಿದು ಎಣಿಸಬಹುದಲ್ಲ? ಹಾಗೆ ಮಾಡಿದ್ದರೆ ಕಾಗದದ ಲೆಕ್ಕಕ್ಕೆ ತಾಳೆ ಸಿಗುತ್ತಿತ್ತು.

ಮಣ್ಣಿನಪದರ:
ಆಗುವುದಿಲ್ಲ. ನೆಲದ ರೇಡಾರಿಗೆ ಮೂಳೆ ಕಾಣುವುದಿಲ್ಲ. ಕಲಕಿದ ಮಣ್ಣು ಮತ್ತು ಕಲಕದ ಮಣ್ಣಿನ ವ್ಯತ್ಯಾಸ ಕಾಣುತ್ತದೆ, ಅಷ್ಟೇ. ಬಿಡಿಬಿಡಿಯಾಗಿ ಸಾಲಾಗಿರುವ ಹಳ್ಳಿ ಸ್ಮಶಾನದಲ್ಲಿ 400 ಮೆಗಾಹರ್ಟ್ಸ್ ಆಂಟೆನಾ ಹಿಡಿದು 25ರಿಂದ 50 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ಎಳೆದರೆ ಚೆನ್ನಾಗಿ ತೋರುತ್ತದೆ. ಬೆಥೆಲ್‌ನಂಥ ಕಡೆ ಮೂರು ಕಡೆಯಿಂದ ಕೆಡುತ್ತದೆ. ಒಂದರ ಮೇಲೊಂದು ಹೂತಲ್ಲಿ ಕಲಕದ ಮಣ್ಣೇ ಉಳಿದಿರುವುದಿಲ್ಲ, ಹಾಗಾಗಿ ಅಂಚು ಕಾಣದು. ಮೇಲೆ ಸುರಿದ ಬೂದಿ, ಇಟ್ಟಿಗೆ ಚೂರು ಪ್ರತಿಧ್ವನಿಯನ್ನು ಗೊಂದಲ ಮಾಡುತ್ತವೆ. ಒದ್ದೆ ಜೇಡಿ ಮಣ್ಣಂತೂ ಅಲೆಯನ್ನು ಕುಡಿದುಬಿಡುತ್ತದೆ.

ಅದಕ್ಕೇ 2013ರಲ್ಲಿ ಪುರಾತತ್ವದವರು ಆಯ್ದ ಕಡೆ ಕಂದಕ ತೆಗೆದರು. ಇಂಥ ಕೆಲಸದ ಕ್ರಮ ಇದು: ಹಲ್ಲಿಲ್ಲದ ಬಕೆಟ್ ಹಾಕಿದ ಯಂತ್ರದಿಂದ ಮೇಲಿನ ತುಂಬು ಮಣ್ಣನ್ನು ತೆಳ್ಳಗೆ ಸವರುವುದು, ಬಣ್ಣ ಬದಲಾದ ಕೂಡಲೇ ಯಂತ್ರ ನಿಲ್ಲಿಸಿ ಕರಣೆಯಿಂದ ನೆಲ ಹದ ಮಾಡುವುದು, ಕುಣಿಯ ಆಕಾರದ ಕಲೆಗಳನ್ನು ಅಳೆದು ನಕ್ಷೆಗೆ ಇಳಿಸುವುದು, ಮತ್ತೆ ಮುಚ್ಚುವುದು. ಹಲ್ಲಿರುವ ಬಕೆಟ್ ಹಾಕಿದರೆ ಕಲೆಯ ಅಂಚೆಲ್ಲ ಗೀರುಗೀರಾಗಿ ಓದಲು ಬಾರದು. ಭುಜದ ಹತ್ತಿರ ಅಗಲವಾಗಿ ಕಾಲಿನ ಕಡೆ ಸಣ್ಣಗಾಗುವ ಆರು ಮೂಲೆಯ ಕಲೆ ಹಳೇ ಪೆಟ್ಟಿಗೆಯದು. ಪೂರ್ತಿ ಆಯತದ ಪೆಟ್ಟಿಗೆ ಬಳಕೆಗೆ ಬಂದಿದ್ದು ಆಮೇಲೆ. ಬೆಥೆಲ್‌ನಲ್ಲಿ ಯಾರನ್ನೂ ಎತ್ತಲಿಲ್ಲ. ಸಿಕ್ಕ ಒಂದು ಸಮಾಧಿ ಕಲ್ಲಿನಲ್ಲಿ ಅಮೀಲಿಯಾ ಬ್ರೌನ್, 1819, ವಯಸ್ಸು 26 ಅಂತ ಕೆತ್ತಿತ್ತು. ಪರಿಶೀಲನೆಯ ಉದ್ದೇಶ ಎಣಿಕೆಯಲ್ಲ, ಸ್ಮಶಾನ ಎಲ್ಲಿಂದ ಎಲ್ಲಿಯವರೆಗೆ ಮತ್ತು ಎಷ್ಟು ಆಳಕ್ಕೆ ಇದೆ ಅನ್ನೋದು. ಮುಂದೆ ಜಾರುಬಂಡಿ ಕಂಬಕ್ಕೋ ಬೇಲಿಗೋ ಗುಂಡಿ ತೋಡುವವರಿಗೆ ಬೇಕಾದ ಅಳತೆ ಅದೇ.

ಹಳೇಕಡತ:
2016ರಲ್ಲಿ ಜಾಗ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಅಗೆತ ತಾನಾಗಿ ನಿಲ್ಲುವುದಿಲ್ಲ. ಒಕ್ಕೂಟ ಸರ್ಕಾರದ ಹಣವೋ ಪರವಾನಗಿಯೋ ಇರುವ ಕೆಲಸಕ್ಕೆ ಮಾತ್ರ ಪರಿಶೀಲನೆ ಕಡ್ಡಾಯ. 2022ರ ಕೊನೆಯಲ್ಲಿ ಆಫ್ರಿಕನ್ ಅಮೆರಿಕನ್ ಸ್ಮಶಾನಗಳ ರಕ್ಷಣೆಗೇ ಒಂದು ಕಾನೂನು ಬಂತು, ರಾಷ್ಟ್ರೀಯ ಉದ್ಯಾನ ಸೇವೆಯ ಮೂಲಕ ಅನುದಾನಕ್ಕೆ ವರ್ಷಕ್ಕೆ 30 ಲಕ್ಷ ಡಾಲರ್ ಮಿತಿ. ಮಿತಿ ಇಟ್ಟರು ಅಂದರೆ ಹಣ ಕೊಟ್ಟರು ಅಂತಲ್ಲ, ಅದನ್ನು ಬಜೆಟ್‌ನಲ್ಲಿ ಬೇರೆಯಾಗಿ ಮಂಜೂರು ಮಾಡಬೇಕು. ಅರ್ಜಿ ಹಾಕುವವರು ಮೊದಲು ಹೊಂದಿಸಬೇಕಾದದ್ದು ಮೂರು: ಕ್ರಯಪತ್ರಗಳ ಸರಣಿ, ಹಳೇ ನಕ್ಷೆಯ ಗಡಿ, ಹೂಳಿದವರ ಹೆಸರಿನ ಪಟ್ಟಿ. ಬೆಥೆಲ್‌ಗೆ ಮೂರೂ ಇವೆ.