ಸಹಾಯ ಬೇಕು: ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಉಬುಂಟು ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಹಳೇ ಲ್ಯಾಪ್‌ಟಾಪ್, ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್). ನಿನ್ನೆ ರಾತ್ರಿ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಬ್ಯಾಟರಿ ನಿಲ್ಲುವುದಿಲ್ಲ, ತಕ್ಷಣ ಆಫ್ ಆಯಿತು. ಈಗ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ‘ಕರ್ನಲ್ ಪ್ಯಾನಿಕ್’ (ಸಿಸ್ಟಮ್‌ನ ತಿರುಳಾದ ಕರ್ನಲ್ ಮುಂದೆ ಹೋಗಲಾರದೆ ನಿಂತಿತು ಎನ್ನುವ ದೋಷ) ಅಂತ ಬಂದು, ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತಾ ನಿಂತುಬಿಡುತ್ತದೆ.

ಆನ್ ಆಗುವಾಗ ಬರುವ ಬೂಟ್ ಮೆನು, ಅಂದರೆ ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೇ ಕರ್ನಲ್ ಆರಿಸಿದರೆ ಮಾತ್ರ ಏಳುತ್ತದೆ. ಅಂದರೆ ಡಿಸ್ಕ್ ಹಾಳಾಗಿಲ್ಲ ಅಲ್ವಾ? ಬೂಟ್ ಫೋಲ್ಡರ್ ತೆಗೆದು ನೋಡಿದೆ. ಹೊಸ ಕರ್ನಲ್ ಇದೆ, ಅದು ಏಳಲು ಮೊದಲು ಬೇಕಾಗುವ ಇನಿಟ್‌ಆರ್‌ಡಿ ಫೈಲೇ ಇಲ್ಲ. ಜಾಗ ಸಾಕಷ್ಟಿದೆ.

ಹಳೇ ಕರ್ನಲ್‌ನಲ್ಲೇ ಕೂತು, ಡಿಪಿಕೆಜಿಯಿಂದ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್) ಅರ್ಧಕ್ಕೆ ನಿಂತ ಕಾನ್ಫಿಗರ್ ಮುಗಿಸಿ, ಅಪ್‌ಡೇಟ್-ಗ್ರಬ್ (ಬೂಟ್ ಮೆನು ಹೊಸದಾಗಿ ಬರೆಯುವ ಕಮಾಂಡ್) ಕೊಟ್ಟರೆ ಸಾಕಾ? ಪೆನ್‌ಡ್ರೈವ್‌ನಿಂದಲೇ ಉಬುಂಟು ಓಡಿಸುವ ಲೈವ್ ಯುಎಸ್‌ಬಿ ಬೇಕಾ? ಮಗಳ ಡಿಗ್ರಿ ಪ್ರಾಜೆಕ್ಟ್ ಪೂರ್ತಿ ಇದರಲ್ಲೇ ಇದೆ. ಮೊದಲು ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ತಿಳಿಸಿ.