ಮೀಟರ್ ತೆಗೆಸುವ ಮುನ್ನ ಬ್ಯಾಟರಿಯ ಲೆಕ್ಕ

ಪ್ರಶ್ನೆ: ನಮ್ಮ ಮನೆಯಲ್ಲಿ ದಿನಕ್ಕೆ ಸುಮಾರು 8 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಚಾವಣಿಗೆ ಸೋಲಾರ್ ಹಾಕಿಸಿ, ಹೊರಗಿನ ವಿದ್ಯುತ್ ಸಂಪರ್ಕವನ್ನೇ ತೆಗೆಸಬೇಕೆಂದಿದ್ದೇವೆ. 2 ಕಿಲೋವ್ಯಾಟ್ ಪ್ಯಾನೆಲ್ ಸಾಕೆಂದು ಒಬ್ಬ ಗುತ್ತಿಗೆದಾರರು ಹೇಳಿದರೆ, 5 ಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ದಿನಕ್ಕೆ 5 ಗಂಟೆಯಷ್ಟು ಪೂರ್ಣ ಬಿಸಿಲು ಸಿಗುವ ಕಾಲದಲ್ಲಿ, ಧೂಳು, ಕಾವು, ತಂತಿ, ಇನ್ವರ್ಟರ್ ಇವುಗಳಲ್ಲಿ ಕಾಲು ಭಾಗ ಸೋರಿಹೋದರೂ, 1 ಕಿಲೋವ್ಯಾಟ್ ಪ್ಯಾನೆಲ್ 3.75 ಯೂನಿಟ್ ಕೊಡುತ್ತದೆ. ಆ ಲೆಕ್ಕಕ್ಕೆ 2 ಕಿಲೋವ್ಯಾಟ್‌ಗೆ ತುಸು ಮೇಲಿದ್ದರೆ ಸಾಕು. ಸಂಪರ್ಕ ಕಡಿದುಕೊಂಡವರು ಮಾತ್ರ ವರ್ಷದ ಅತ್ಯಂತ ಮಬ್ಬಾದ ತಿಂಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕು. ಆಗ ಬಿಸಿಲು 3 ಗಂಟೆಗೆ ಇಳಿದರೆ ಅದೇ 8 ಯೂನಿಟ್‌ಗೆ ಮೂರೂವರೆ ಕಿಲೋವ್ಯಾಟ್ ಬೇಕಾಗುತ್ತದೆ. ಮೋಡ ಸರಿದ ಮೇಲೆ ಬರಿದಾದ ಬ್ಯಾಟರಿಯನ್ನೂ ತುಂಬಿಸಬೇಕಾದ್ದರಿಂದ 5 ಎಂಬುದು ಹೆಚ್ಚಿನ ಮಾತೇನಲ್ಲ.

ಪ್ಯಾನೆಲ್ ಒಮ್ಮೆ ಹಾಕಿದರೆ 25 ವರ್ಷ ಬಾಳುವ ವಸ್ತು. ಖರ್ಚು ಕಾಡುವುದು ಬ್ಯಾಟರಿಯಲ್ಲಿ. ಮೂರು ದಿನ ಬಿಸಿಲೇ ಬಾರದಿದ್ದರೆ 24 ಯೂನಿಟ್ ಕೈಯಲ್ಲಿರಬೇಕು, ಶೇ. 80ರಷ್ಟು ಬಳಸಬಹುದಾದ ಲಿಥಿಯಂ ಬ್ಯಾಟರಿಯಾದರೆ 30 ಯೂನಿಟ್ ಸಾಮರ್ಥ್ಯದ್ದನ್ನೂ, ಅರ್ಧಕ್ಕಿಂತ ಕೆಳಗೆ ಇಳಿಸಬಾರದ ಸೀಸ-ಆಮ್ಲದ್ದಾದರೆ 48 ಯೂನಿಟ್ ಸಾಮರ್ಥ್ಯದ್ದನ್ನೂ ಕೊಳ್ಳಬೇಕಾಗುತ್ತದೆ. ವರ್ಷದಲ್ಲಿ ಕೆಲವೇ ದಿನ ಬರುವ ಮೋಡಕ್ಕಾಗಿ ಇಷ್ಟು ಹಣ ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ. ಲೈನ್ ಮನೆಯವರೆಗೂ ಬಂದಿದ್ದರೆ ಅದನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಸೀಸ-ಆಮ್ಲದ ಬ್ಯಾಟರಿ ಅಗ್ಗವಲ್ಲವೇ?

ಉತ್ತರ: ಕೊಳ್ಳುವ ದಿನ ಅಗ್ಗ, ನಿಜ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1.8 ಯೂನಿಟ್, ಅದರಲ್ಲಿ ಬಳಕೆಗೆ ದಕ್ಕುವುದು 0.9. ಸಾವಿರ ಸಲ ಹೀಗೆ ತುಂಬಿ ಖಾಲಿಯಾಗುತ್ತದೆ ಎಂದಿಟ್ಟುಕೊಂಡರೆ ತನ್ನ ಇಡೀ ಆಯುಷ್ಯದಲ್ಲಿ ಅದು ಕೊಡುವುದು 900 ಯೂನಿಟ್. ಬ್ಯಾಟರಿಯ ಬೆಲೆಯನ್ನು 900ರಿಂದ ಭಾಗಿಸಿ, ಬಂದ ಮೊತ್ತವನ್ನು ನಿಮ್ಮ ವಿದ್ಯುತ್ ಬಿಲ್ಲಿನ ಯೂನಿಟ್ ದರದ ಪಕ್ಕದಲ್ಲಿ ಬರೆದು ನೋಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮೂರು ಸಾವಿರಕ್ಕೂ ಹೆಚ್ಚು ಸಲ ತಾಳುತ್ತದೆ; ಅದರ ಲೆಕ್ಕವೂ ಇದೇ ಸೂತ್ರದಲ್ಲಿ ಸಿಗುತ್ತದೆ.

ಎರಡೇ ವರ್ಷಕ್ಕೆ ಬ್ಯಾಟರಿ ಸತ್ತಿತೆಂದು ಕರೆದ ಒಂದು ಮನೆಗೆ ನಾನು ಹೋಗಿದ್ದೆ. ಟರ್ಮಿನಲ್ ಸುತ್ತ ಬೂದುಬಣ್ಣದ ಪುಡಿ ಕಟ್ಟಿತ್ತು, ಸಡಿಲಗೊಂಡ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು, ನೀರು ಪ್ಲೇಟಿಗಿಂತ ಕೆಳಗಿಳಿದಿತ್ತು. ಆದರೂ ಅದನ್ನು ಕೊಂದದ್ದು ದಿನದಿನದ ಚಾರ್ಜ್ ಕೊರತೆ, ಅದರಲ್ಲಿ ಇನ್ವರ್ಟರ್‌ನ ಕೈವಾಡವೂ ಇತ್ತು: ಯಾವ ಉಪಕರಣವೂ ಓಡದಿದ್ದಾಗಲೂ ಅದು 40 ವ್ಯಾಟ್ ಎಳೆಯುತ್ತಿತ್ತು, ಎಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬದೆ, ಪ್ಲೇಟಿನ ಮೇಲೆ ಸಲ್ಫೇಟ್ ಎಂಬ ಸೀಸದ ಲವಣ ಗಟ್ಟಿಯಾಗಿ ಕೂತಿತ್ತು.

ಪ್ರಶ್ನೆ: ಸಂಪರ್ಕ ಉಳಿಸಿಕೊಂಡು ಬ್ಯಾಟರಿಯಿಲ್ಲದೆ ಹಾಕಿಸಿದರೆ, ಕರೆಂಟ್ ಹೋದಾಗ ಹಗಲಿನಲ್ಲಾದರೂ ಮನೆ ನಡೆಯುತ್ತದೆಯೇ?

ಉತ್ತರ: ಹೊರಗಿನ ಲೈನಿಗೆ ಹೊಂದಿಕೊಂಡು ಓಡುವ ಸಾಮಾನ್ಯ ಗ್ರಿಡ್ ಇನ್ವರ್ಟರ್ ಆದರೆ ನಡೆಯುವುದಿಲ್ಲ, ಸುಡುಬಿಸಿಲಿದ್ದರೂ ಸರಿ. ಲೈನ್ ದುರಸ್ತಿ ಮಾಡುವವರ ಮೇಲೆ ನಿಮ್ಮ ಮನೆಯ ವಿದ್ಯುತ್ ಹರಿಯಬಾರದೆಂದು ಅದು ತಾನಾಗಿಯೇ ನಿಂತುಬಿಡುತ್ತದೆ. ಈ ಮಾತನ್ನು ಮಾರುವವರು ಮೊದಲೇ ಹೇಳುವುದು ಅಪರೂಪ. ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್ ಜೊತೆಗೆ 5 ಯೂನಿಟ್ ಸಾಮರ್ಥ್ಯದ ಬ್ಯಾಟರಿ ಇಟ್ಟರೆ ಫ್ರಿಜ್, ಫ್ಯಾನ್, ದೀಪಗಳು ಒಂದು ರಾತ್ರಿ ಕಳೆಯುತ್ತವೆ. ನೀರಿನ ಪಂಪನ್ನು ಆ ಸಾಲಿಗೆ ಸೇರಿಸಬೇಡಿ. 1 ಅಶ್ವಶಕ್ತಿಯ ಮೋಟಾರು ಓಡುವಾಗ 746 ವ್ಯಾಟ್‌ಗಿಂತ ಹೆಚ್ಚು ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಂತೂ ಅದರ ಹಲವು ಪಟ್ಟು ಕೇಳುತ್ತದೆ. ಅದನ್ನು ಮಧ್ಯಾಹ್ನವೇ ಓಡಿಸಿ ಟ್ಯಾಂಕ್ ತುಂಬಿಸಿಕೊಳ್ಳಿ. ಆ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬೀಳದಂತೆ ಜಾಗ ಗುರುತಿಸುವುದನ್ನು ಮರೆಯಬೇಡಿ.